ಮೈಕ್‌ಸೆಟ್ಟಿನೋನ ಆನ್‌ಲೈನ್ ರೇಡಿಯೊ

ಬೇರೆಯವರು ಎಡವಟ್ಟು ಮಾಡಿಕೊಂಡ್ರೆ ಅದು ಅವರ ಮನೆಯೊಳಗೇ ಮುಗಿದು ಹೋಗುತ್ತೆ. ಮೈಕ್‌ಸೆಟ್ ಇಟ್ಟುಕೊಂಡೋನ ಎಡವಟ್ಟು ಮಾತ್ರ ಪಕ್ಕದೂರಿಗೂ ಕೇಳಿಸುತ್ತೆ. ಮಂಡ್ಯ, ಮದ್ದೂರು, ಮಳವಳ್ಳಿ ಕಡೆ ಮದುವೆ, ನಾಮಕರಣ, ಗೃಹಪ್ರವೇಶ, ತಿಥಿ ಅಂತ ನನ್ನ ಬಾಕ್ಸು ಕೂಗದ ಬೀದಿ ಇಲ್ಲ, ನಾನು ಉಗಿಸಿಕೊಳ್ಳದ ಚಪ್ಪರಾನೂ ಇಲ್ಲ. ಇದು ಕಸುಬಿನ ಜೊತೆ ಬರೋ ಪ್ರಸಾದ ಅಂತ ಸುಮ್ಮನಿದ್ದೆ. ಆದ್ರೆ ಫೋನಿನೊಳಕ್ಕೆ ಆ ಆನ್‌ಲೈನ್ ರೇಡಿಯೊ ಬಂದ ಮೇಲೆ ಪ್ರಸಾದ ಸ್ವಲ್ಪ ಜಾಸ್ತೀನೇ ಸಿಗೋದಕ್ಕೆ ಶುರುವಾಯ್ತು.

ರೇಡಿಯೊ ಯಾಕೆ ಬಂತು ಅಂತ ಮೊದಲು ಹೇಳಿಬಿಡ್ತೀನಿ. ನನ್ನ ಹತ್ರ ಒಂದು ಪೆನ್‌ಡ್ರೈವ್ ಇತ್ತು. ಅದರಲ್ಲಿದ್ದ ಹಾಡುಗಳು ಯಾವಾಗಲೂ ಒಂದೇ ಸಾಲಿನಲ್ಲಿ ಬರ್ತಿದ್ವು. ಎಷ್ಟರಮಟ್ಟಿಗೆ ಅಂದ್ರೆ, ಇಂಥ ಹಾಡು ಬಂತು ಅಂದ್ರೆ ಅನ್ನಕ್ಕೆ ಎಸರಿಡೋ ಹೊತ್ತಾಯ್ತು ಅಂತ ಅಡುಗೆಯವರು ಲೆಕ್ಕ ಹಾಕ್ಕೊಳ್ತಿದ್ರು. ನನಗೆ ಅದು ಹೆಮ್ಮೆ. ಜನಕ್ಕೆ ಬೇಜಾರು. ಅಷ್ಟರಲ್ಲಿ ಮಳವಳ್ಳಿ ಕಡೆಯೋನೊಬ್ಬ ಬಣ್ಣಬಣ್ಣದ ಲೈಟು, ತಲೆಗೆ ಉಲ್ಟಾ ಟೋಪಿ ಹಾಕ್ಕೊಂಡು ಡಿಜೆ ಅಂತ ಶುರು ಮಾಡಿದ. ಲೈಟು ಕಂಡಿದ್ದೇ ತಡ, ನನ್ನ ಗಿರಾಕಿಗಳೆಲ್ಲ ಅವನ ಹಿಂದೆ ಹೋದ್ರು. ನನ್ನ ಬಾಕ್ಸುಗಳು ಮಂಡ್ಯದ ಗುತ್ತಲಿನ ನಮ್ಮ ಮನೆ ಹಜಾರದಲ್ಲಿ ಬಂದು ಕೂತವು.

ಹಜಾರ ಅಂದ್ರೆ ನನ್ನ ಹೆಂಡತಿಯ ರಾಜ್ಯ. ಅವಳು ಕಸ ಗುಡಿಸುವಾಗ ಬಾಕ್ಸಿಗೆ ಪೊರಕೆ ತಾಗಿಸ್ತಾ ತಾಗಿಸ್ತಾ ಒಂದಿನ ಹೇಳಿಬಿಟ್ಟಳು. "ಈ ಲಗ್ನದ ಸೀಜನ್ ಮುಗಿಯೋಗಂಟ ನೋಡ್ತೀನಿ. ಆಮೇಕೂ ಇವು ಇಂಗೇ ಇಲ್ಲೇ ಕೂತಿದ್ರೆ, ಆ ಡಿಜೆಯೋನ್ನೇ ಕರ್ದು ಮಾರ್ಬುಡ್ತೀನಿ. ಮನೆ ಒಳಗಾದ್ರೂ ಜಾಗ ಆಯ್ತದೆ."

ನನಗೆ ಸಿಟ್ಟು ನೆತ್ತಿಗೇರಿತು. ನಿನ್ನನ್ನ ಮದುವೆ ಆಗೋಕೆ ಮುಂಚಿನಿಂದ ಈ ಬಾಕ್ಸು ನನ್ನ ಜೊತೆ ಇವೆ ಕಣಮ್ಮಿ ಅಂದೆ. ಹಂಗಾದ್ರೆ ಮುದ್ದೇನೂ ಅವೇ ತಿರುವ್ಲಿ ಅಂದಳು. ಅವತ್ತು ನಾನೇ ಬಡಿಸಿಕೊಂಡು ಉಂಡೆ. ಬಾಕ್ಸು ಹೋದ್ರೆ ನಾನೇನಾಗಬೇಕು? ಊರಲ್ಲಿ ನನ್ನನ್ನ ಹೆಸರು ಹಿಡಿದು ಯಾರೂ ಕರೆಯಲ್ಲ, ಮೈಕ್‌ಸೆಟ್ಟಿನೋನು ಅಂತಾನೇ ಕರೆಯೋದು.

ಆಗ ಮೈಸೂರಿನ ಹಾಸ್ಟೆಲ್ಲಿಂದ ರಜಕ್ಕೆ ಬಂದಿದ್ದ ಮಗಳು ಫೋನ್ ಕಿತ್ಕೊಂಡು ಅದರೊಳಕ್ಕೆ ಈ ರೇಡಿಯೊ ತುಂಬಿದಳು. ಇದು ಆಕಾಶವಾಣಿ ಥರ ಎಲ್ಲರಿಗೂ ಒಂದೇ ಹಾಡು ಹಾಕಲ್ಲಪ್ಪ, ನಿನ್ನ ಹೆಸರಿನಲ್ಲೇ ಒಂದು ರೇಡಿಯೊ ಮಾಡುತ್ತೆ, ಹಾಡು ಇಷ್ಟ ಆದ್ರೆ ಈ ಹೃದಯ ಒತ್ತು, ಆಗದಿದ್ರೆ ಮುಂದಕ್ಕೆ ಓಡಿಸು, ನಿನ್ನ ರುಚಿ ತಿಳ್ಕೊಂಡು ನೀನು ಕೇಳೇ ಇರದ ಹೊಸ ಹಾಡು ಹುಡುಕಿ ತರುತ್ತೆ ಅಂತ ವಿವರಿಸಿದಳು. ಹೆಂಡತಿಗೇ ಇನ್ನೂ ನನ್ನ ರುಚಿ ಗೊತ್ತಿಲ್ಲ, ಇದಕ್ಕೆ ಹೆಂಗೆ ಗೊತ್ತಾಗುತ್ತೆ ಅಂದೆ. ಅಡುಗೆಮನೆಯಲ್ಲಿ ಪಾತ್ರೆ ಸ್ವಲ್ಪ ಜೋರಾಗೇ ಸದ್ದಾಯ್ತು.

೧. ಯಾರಿಗೂ ಬೇಡ ಅನ್ನಲಾರದೆ

ಮಗಳು ಹೇಳಿದ್ದು ಸರಿ. ಆದ್ರೆ ಹಾಡನ್ನ ಅರ್ಧಕ್ಕೆ ಓಡಿಸೋದು ನನ್ನ ಕೈಲಿ ಆಗಲಿಲ್ಲ. ಯಾರೋ ಪಾಪ ಎದೆ ತುಂಬಿ ಹಾಡ್ತಾ ಇರ್ತಾರೆ, ನಾನು ಇಲ್ಲಿ ಜಗುಲಿ ಮೇಲೆ ಕೂತ್ಕೊಂಡು ಹೋಗಯ್ಯ ಸಾಕು ಅನ್ನೋದಾ? ನಮ್ಮವ್ವ ನನ್ನನ್ನ ಹಂಗೆ ಬೆಳೆಸಿಲ್ಲ. ಎಲೆಗೆ ಬಡಿಸಿದ್ದನ್ನ ಬೇಡ ಅನ್ನಬಾರದು ಅಂತ ತಲೆಗೆ ಮೊಟಕಿ ಕಲಿಸಿದ್ದಾಳೆ. ಹಂಗಾಗಿ ಬಂದ ಹಾಡಿಗೆಲ್ಲ ಹೃದಯ ಒತ್ತಿದೆ.

ರೇಡಿಯೊಗೆ ಖುಷಿಯೋ ಖುಷಿ. ಇಂಥ ಗಿರಾಕಿ ಅದಕ್ಕೆ ಎಲ್ಲೂ ಸಿಕ್ಕಿರಲಿಲ್ಲ ಅನ್ಸುತ್ತೆ. ಪಂಜಾಬಿ ತಂತು, ಹೃದಯ ಒತ್ತಿದೆ. ಅರಬ್ಬಿ ತಂತು, ಅದಕ್ಕೂ ಒತ್ತಿದೆ. ಯಾವನೋ ಗಂಟಲು ಹರಿದುಹೋಗೋ ಹಂಗೆ ಕಿರುಚಿದ, ಹುಷಾರಿಲ್ಲವೇನೋ ಅಂತ ಅವನಿಗೂ ಒತ್ತಿದೆ. ಆಮೇಲೆ ಹಾಡೂ ಮುಗಿದು, ಬರೀ ಸದ್ದು ಬರೋಕೆ ಶುರುವಾಯ್ತು. ಬಿದಿರು ಅಲ್ಲಾಡೋ ಸದ್ದು, ಮಳೆ ಸುರಿಯೋ ಸದ್ದು. ನಿದ್ದೆ ಬರದೆ ಇರೋರಿಗೆ ಅಂತ ಮಾಡಿರ್ತಾರಂತೆ. ಚೆನ್ನಾಗಿತ್ತು, ಒತ್ತಿದೆ.

ಆ ವಾರ ನಮ್ಮ ಬೀದಿಯಲ್ಲೇ ಒಂದು ಗೃಹಪ್ರವೇಶ. ಹೊಸ ಮನೆ, ಮೇಲೆ ಕೆಳಗೆ ಎರಡೂ ಕಡೆ ಹೊಳೆಯೋ ಟೈಲ್ಸು. ಪೂಜೆ ಮುಗಿದು ನೆಂಟರೆಲ್ಲ ಹಾಲ್‌ನಲ್ಲಿ ಕೂತ್ಕೊಂಡು ಮನೆ ಹೊಗಳ್ತಾ ಇದ್ರು. ಮನೆ ಯಜಮಾನನ ಮಾವ ಮೈಸೂರಿಂದ ಬಂದಿದ್ದೋರು, ಎಂಥಾ ಗಟ್ಟಿ ಕೆಲಸ ಮಾಡಿಸಿದ್ದೀರಿ ಅಳಿಯಂದ್ರೆ ಅಂತ ಗೋಡೆ ತಟ್ಟಿ ತಟ್ಟಿ ನೋಡ್ತಿದ್ರು. ನಾನು ಬಾಗಿಲ ಹತ್ರ ಬಾಕ್ಸಿಟ್ಟು ರೇಡಿಯೊ ಬಿಟ್ಟು ಕಾಫಿ ಕುಡೀತಿದ್ದೆ.

ಒಂದು ಹಾಡು ಮುಗೀತು. ಗುಡುಗಿತು. ಆಮೇಲೆ ಧೋ ಅಂತ ಮಳೆ ಸುರೀತು. ನಾನು ಲೋಟ ಕೆಳಗಿಟ್ಟು ಫೋನ್ ಹುಡುಕೋ ಅಷ್ಟರಲ್ಲಿ, ಹೆಂಗಸರು ಟೆರೇಸಿಗೆ ಓಡಿದ್ರು, ಅಡುಗೆಯವರು ಹೊರಗೆ ಟಾರ್ಪಾಲು ಎಳೆದ್ರು. ಯಜಮಾನ ಮಾತ್ರ ಬೇರೆ ಯಾವ ಯೋಚನೇನೂ ಮಾಡದೆ ಬಚ್ಚಲಿಗೆ ಹೋಗಿ ಬಕೆಟ್ ತಂದು, ಹಾಲ್‌ನ ಮೂಲೆಯಲ್ಲಿ ಸೋಫಾ ಸರಿಸಿ, ಒಂದು ಕಡೆ ಸರಿಯಾಗಿ ಇಟ್ಟ. ಇಟ್ಟವನು ಮೇಲಕ್ಕೂ ನೋಡಲಿಲ್ಲ. ಅಷ್ಟು ಅಭ್ಯಾಸ.

ನಾನು ರೇಡಿಯೊ ನಿಲ್ಲಿಸಿದೆ. ಹೊರಗೆ ಬೆಂಕಿ ಬಿಸಿಲು. ಎಲ್ಲರ ಕಣ್ಣೂ ಮೊದಲು ಬಕೆಟ್ ಮೇಲೆ ಹೋಯ್ತು, ಆಮೇಲೆ ಛಾವಣಿ ಮೇಲೆ ಹೋಯ್ತು. ಮಾವನವರು ಗೋಡೆ ತಟ್ಟೋದು ನಿಲ್ಲಿಸಿ ತಣ್ಣಗೆ ಕೇಳಿದ್ರು, "ಬಕೆಟ್ ಇಡೋ ಜಾಗ ಆಗ್ಲೇ ಗೊತ್ತಾಗೋಗಿದೆಯಾ ಅಳಿಯಂದ್ರೆ?"

೨. ತೊಟ್ಟಿಲ ಮುಂದೆ

ಅದಾದ ಮೇಲೆ ಮಗಳು ಹಾಸ್ಟೆಲ್ಲಿಂದಲೇ ಫೋನ್ ಮಾಡಿ ಬೈದಳು. ಸಿಕ್ಕಿದ್ದಕ್ಕೆಲ್ಲ ಹೃದಯ ಕೊಟ್ರೆ ಅದಕ್ಕೆ ನಿನ್ನ ಬಗ್ಗೆ ಏನಂತ ಗೊತ್ತಾಗಬೇಕು, ಯಾವುದನ್ನ ಪೂರ್ತಿ ಕೇಳ್ತೀಯೋ ಅದನ್ನೇ ಇಷ್ಟ ಅಂತ ತಿಳ್ಕೊಳ್ಳುತ್ತೆ, ಸುಮ್ಮನೆ ಕೇಳು ಸಾಕು ಅಂದಳು. ಸರಿ, ಸುಮ್ಮನೆ ಕೇಳೋಕೆ ಶುರು ಮಾಡಿದೆ.

ಪಕ್ಕದ ಹೊಳಲು ಊರಲ್ಲಿ ಒಬ್ಬ ಹಿರಿಯರ ತಿಥಿ ಇತ್ತು. ತಿಥಿ ಮನೆ ಅಂದ ಮೇಲೆ ತತ್ವಪದ ಬೇಕು. ರೇಡಿಯೊಗೆ ಒಂದು ಪದ ತೋರಿಸಿದೆ, ಅದು ಅದೇ ಜಾತಿಯ ಪದಗಳನ್ನ ಎಲ್ಲೆಲ್ಲಿಂದಲೋ ಹುಡುಕಿ ತಂತು. ದೇಹ ಬಾಡಿಗೆ ಮನೆ, ಯಜಮಾನ ಕರೆದಾಗ ಖಾಲಿ ಮಾಡಬೇಕು ಅಂತ ಒಬ್ಬ ಏಕತಾರಿ ಹಿಡಿದು ಹಾಡಿದ ನೋಡಿ, ನಾನು ಅಂಥಾ ದನಿಯನ್ನ ಕೇಳಿರಲಿಲ್ಲ. ತಿಥಿಗೆ ಬಂದಿದ್ದೋರೆಲ್ಲ ಸೆರಗಲ್ಲಿ, ಟವಲಲ್ಲಿ ಕಣ್ಣೊರೆಸಿಕೊಂಡ್ರು. ನನಗೂ ಕಣ್ಣು ತುಂಬಿ ಬಂತು. ಬೆಳಗ್ಗೆಯಿಂದ ಸಂಜೆತನಕ ಅವೇ ಪದಗಳನ್ನ ಹಾಕಿದೆ. ಮನೆಯವರು ಕೈ ಮುಗಿದು ಕಳಿಸಿಕೊಟ್ರು.

ಆ ರೇಡಿಯೊ ಇದನ್ನೆಲ್ಲ ನೋಡ್ಕೊಂಡು, ಓಹೋ ಈ ಯಜಮಾನನಿಗೆ ಸಾವು ಅಂದ್ರೆ ಪ್ರಾಣ ಅಂತ ತೀರ್ಮಾನ ಮಾಡ್ಕೊಂಡಿದೆ. ನನಗೆ ಹೆಂಗೆ ಗೊತ್ತಾಗಬೇಕು?

ಮುಂದಿನ ಕೆಲಸ ಮದ್ದೂರಿನಲ್ಲಿ ಒಂದು ನಾಮಕರಣ. ಕೂಸು ಬೆಳಗ್ಗೆಯಿಂದ ಒಂದೇ ಸಮ ಅಳ್ತಾ ಇತ್ತು. ಅಜ್ಜಿ ಎತ್ಕೊಂಡ್ರೂ ಇಲ್ಲ, ಅಪ್ಪ ತೂಗಿದ್ರೂ ಇಲ್ಲ. ತೊಟ್ಟಿಲಿಗೆ ಹಾಕೋ ಹೊತ್ತಿಗೆ ಸರಿಯಾಗಿ, ಒಂದು ಒಳ್ಳೆ ಹಾಡು ಹಾಕಪ್ಪ ಮೈಕ್‌ಸೆಟ್ಟಿನೋನೆ ಅಂದ್ರು. ಒತ್ತಿದೆ. ಏಕತಾರಿ ಮೀಟಿತು. ದೇಹ ಬಾಡಿಗೆ ಮನೆ ಅಂತ ಶುರುವಾಯ್ತು.

ತೊಟ್ಟಿಲ ಸುತ್ತ ಹಾಡೋಕೆ ನಿಂತಿದ್ದ ಹೆಂಗಸರ ಬಾಯಿ ಹಂಗೇ ತೆರೆದುಕೊಂಡಿತ್ತು. ಅಜ್ಜಿ ಸೊಂಟದ ಮೇಲೆ ಕೈ ಇಟ್ಟು ನನ್ನ ಕಡೆ ತಿರುಗಿದ್ರು. "ಏನಪ್ಪ, ಕೂಸು ಈಗ ತಾನೇ ಬಂದದೆ. ಆಗ್ಲೇ ಮನೆ ಖಾಲಿ ಮಾಡು ಅಂತೀಯಲ್ಲ?"

ನಾನು ಗಾಬರಿಯಲ್ಲಿ ಎಲ್ಲೆಲ್ಲೋ ಒತ್ತಿದೆ. ಒತ್ತಿದ್ದಕ್ಕೆ ಸದ್ದು ಇನ್ನೂ ಜಾಸ್ತಿಯಾಯ್ತು. ಅಷ್ಟರಲ್ಲಿ ಕೂಸಿನ ಅಪ್ಪ ಕೈ ಅಡ್ಡ ಹಿಡಿದು ನಿಲ್ಲಿಸಬೇಡಿ ಅಂದ. ನೋಡಿದ್ರೆ ಕೂಸು ಬಾಯಿಗೆ ಬೆರಳಿಟ್ಕೊಂಡು ಗಾಢವಾಗಿ ನಿದ್ದೆ ಹೋಗಿತ್ತು. ಹುಟ್ಟಿದಾಗಿನಿಂದ ಇಷ್ಟು ನಿದ್ದೆ ಮಾಡಿರಲಿಲ್ವಂತೆ. ಆಮೇಲೆ ಆ ಹಾಡನ್ನ ಅವರ ಫೋನಿಗೂ ಹಾಕಿಸಿಕೊಂಡ್ರು.

ಮೊನ್ನೆ ಬಸ್‌ಸ್ಟ್ಯಾಂಡಿನಲ್ಲಿ ಆ ಅಪ್ಪ ಸಿಕ್ಕಿದ್ದ. ಈಗಲೂ ದಿನಾ ಅದೇ ಪದ ಹಾಕಿ ಮಲಗಿಸ್ತಾರಂತೆ. ಕೂಸು ಚೆನ್ನಾಗಿ ಮಲಗುತ್ತೆ, ಅಜ್ಜಿಗೆ ಮಾತ್ರ ನಿದ್ದೆ ಹತ್ತಲ್ವಂತೆ.

೩. ಹಾಲು ಕರೆಯೋ ಹೊತ್ತು

ಗುತ್ತಲಿನಲ್ಲಿ ಇನ್ನೂ ಹಸು ಕಟ್ಟಿರೋ ಮನೆಗಳಲ್ಲಿ ನಮ್ಮದೂ ಒಂದು. ನಮ್ಮ ಹಸು ನೋಡೋಕೆ ಸಾಧು. ಕೆಚ್ಚಲಿಗೆ ಕೈ ಹಾಕಿದ್ರೆ ಮಾತ್ರ ಒದೆಯುತ್ತೆ. ಹೆಂಡತಿ ಅದಕ್ಕೆ ಬೈಯೋ ಬೈಗುಳ ಕೇಳಿಕೊಂಡೇ ನಮ್ಮ ಬೀದಿ ಬೆಳಗ್ಗೆ ಏಳೋದು. ಅರ್ಧ ಬೈಗುಳ ನನಗೆ ಅಂತ ನನಗೆ ಬಹಳ ದಿನದಿಂದ ಅನುಮಾನ.

ಒಂದು ಬೆಳಗ್ಗೆ ನಾನು ಕೊಟ್ಟಿಗೆ ಪಕ್ಕದಲ್ಲಿ ಹಲ್ಲುಜ್ಜುತ್ತಾ ರೇಡಿಯೊ ಬಿಟ್ಟಿದ್ದೆ. ಯಾವುದೋ ಬೆಟ್ಟದ ದೇಶದ ಕೊಳಲು. ಮಾತಿಲ್ಲ, ತಾಳ ಇಲ್ಲ, ಬರೀ ಉಸಿರು. ಅವತ್ತು ಬೀದಿಯಲ್ಲಿ ಬೈಗುಳ ಕೇಳಿಸಲಿಲ್ಲ. ಏನಾಯ್ತಪ್ಪ ಅಂತ ಇಣುಕಿ ನೋಡಿದ್ರೆ ಹಸು ಕಣ್ಣು ಅರೆ ಮುಚ್ಕೊಂಡು, ಕಿವಿ ಇಳಿಬಿಟ್ಟು, ನಿಂತ ಕಡೆ ನಿಂತಿದೆ. ಹೆಂಡತಿ ಪಾತ್ರೆ ತುಂಬಿಸಿಕೊಂಡು ಎದ್ದವಳು ನನ್ನ ಕಡೆ ಕೈ ಚಾಚಿ ಫೋನ್ ಕೊಡಿ ಅಂದಳು.

ಅವತ್ತಿನಿಂದ ಬೆಳಗ್ಗೆ ಸಂಜೆ ನನ್ನ ಫೋನು ಕೊಟ್ಟಿಗೆಯ ಗೂಟದಲ್ಲಿ. ರೇಡಿಯೊ ಅಂದ್ರೆ ಮೂಗು ಮುರೀತಿದ್ದ ಹೆಂಗಸು ಈಗ ನನಗಿಂತ ಚೆನ್ನಾಗಿ ಅದನ್ನ ಓಡಿಸ್ತಿದ್ದಳು. ಹೊಸ ಹಾಡು ಬಂದು ಹಸು ಕಿವಿ ಆಡಿಸಿದ್ರೆ ಹೃದಯ. ಕಾಲೆತ್ತಿದ್ರೆ ಮುಂದಕ್ಕೆ. ಹಸುವಿಗೆ ನಾಚಿಕೆ ಇಲ್ಲ, ದಾಕ್ಷಿಣ್ಯ ಇಲ್ಲ, ಬೇಡ ಅಂದ್ರೆ ಬೇಡ. ಡೈರಿಗೆ ಹಾಲು ಹಾಕೋಕೆ ಬರೋ ಹೆಂಗಸರು ಅದ್ಯಾವ ಹಾಡಕ್ಕ ಅಂತ ಇವಳನ್ನ ಕೇಳೋಕೆ ಶುರು ಮಾಡಿದ್ರು. ಇವಳು ಅದು ಅಷ್ಟು ಸುಲಭಕ್ಕೆ ಸಿಗಲ್ಲ ಅಂತ ಗತ್ತಿನಲ್ಲಿ ಹೇಳಿ ಬರ್ತಿದ್ದಳು.

ಆ ವಾರ ಮಗಳು ಫೋನ್ ಮಾಡಿದಳು. ನನ್ನ ಹೆಸರಿನ ರೇಡಿಯೊ ಅವಳ ಫೋನಿನಲ್ಲೂ ಕೇಳಬಹುದಂತೆ, ಹಾಸ್ಟೆಲ್ಲಿನಲ್ಲಿ ಹಾಕಿದ್ದಳಂತೆ. "ಅಪ್ಪ, ಹುಡುಗೀರೆಲ್ಲ ಕೇಳ್ತಾವ್ರೆ, ನಿಮ್ಮಪ್ಪಂಗೆ ಎಂಥಾ ಟೇಸ್ಟು ಅಂತ. ಇಷ್ಟು ಒಳ್ಳೆ ಮ್ಯೂಸಿಕ್ಕು ನೀನು ಎಂಗೆ ಆರಿಸ್ದೆ?"

ಮಗಳು ಇಷ್ಟು ಹೆಮ್ಮೆಯಿಂದ ನನ್ನ ಬಗ್ಗೆ ಮಾತಾಡಿದ್ದು ಅದೇ ಮೊದಲು. ಎಲ್ಲಾ ಅನುಭವ ಕಣವ್ವ ಅಂತ ಹೇಳಿ ಫೋನಿಟ್ಟೆ. ಆಮೇಲೆ ಹೋಗಿ ಹಸುವಿಗೆ ಒಂದು ಹಿಡಿ ಹಿಂಡಿ ಜಾಸ್ತಿ ಹಾಕಿದೆ.

೪. ಗಟ್ಟಿಮೇಳ

ಇದು ಚಿಕ್ಕದು. ಆದ್ರೆ ನನ್ನ ಮಾನ ಪೂರ್ತಿ ತಗೊಂಡು ಹೋಗಿದ್ದು ಇದೇ.

ಮದ್ದೂರಿನ ಛತ್ರದಲ್ಲಿ ಮದುವೆ. ಓಲಗದವರ ಗಾಡಿ ಹೆದ್ದಾರಿಯಲ್ಲಿ ಪಂಕ್ಚರ್ ಆಗಿ ನಿಂತಿತ್ತು. ಮುಹೂರ್ತ ಮೀರ್ತಾ ಇದೆ ಅಂತ ಪುರೋಹಿತರ ಗಡಿಬಿಡಿ. ಹುಡುಗಿಯ ಸೋದರಮಾವ ಓಡಿ ಬಂದು, ನಿನ್ನ ಬಾಕ್ಸಿನಲ್ಲೇ ಓಲಗ ಹಾಕಪ್ಪ, ಹೆಂಗೋ ಧಾರೆ ಆಗೋಗ್ಲಿ ಅಂದ್ರು. ರೇಡಿಯೊದಲ್ಲಿ ನಾದಸ್ವರ ಹುಡುಕಿದೆ. ಎಂಥಾ ನಾದಸ್ವರ ಸಿಕ್ತು ಅಂತೀರಿ! ಛತ್ರಕ್ಕೆ ಕಳೆ ಬಂತು. ನಾನು ಎದೆ ಸೆಟೆಸಿಕೊಂಡು ನಿಂತೆ.

ಮಗಳು ಒಂದು ಮಾತು ಹೇಳಿದ್ದಳು. ಇದು ಪುಕ್ಕಟೆ ರೇಡಿಯೊ, ನಡುನಡುವೆ ಜಾಹೀರಾತು ಬರುತ್ತೆ, ಹುಷಾರು ಅಂತ. ಮರೆತಿದ್ದೆ.

ಪುರೋಹಿತರು ಗಟ್ಟಿಮೇಳ ಗಟ್ಟಿಮೇಳ ಅಂತ ಕೈ ಎತ್ತಿದ್ರು. ಹುಡುಗ ತಾಳಿ ಹಿಡಿದು ಹುಡುಗಿಯ ಕುತ್ತಿಗೆ ಹತ್ರ ಕೈ ಒಯ್ದ. ಎಲ್ಲರೂ ಅಕ್ಷತೆ ಎತ್ತಿದ್ರು. ನಾದಸ್ವರ ಟಕ್ಕಂತ ನಿಂತು, ಒಂದು ಹೆಂಗಸಿನ ದನಿ ಇಡೀ ಛತ್ರಕ್ಕೆ ಕೇಳೋ ಹಂಗೆ ಮುದ್ದಾಗಿ ಹೇಳಿತು, "ಮೊದಲ ತಿಂಗಳು ಸಂಪೂರ್ಣ ಉಚಿತ. ಇಷ್ಟವಾಗದಿದ್ದರೆ ಯಾವಾಗ ಬೇಕಾದರೂ ಬಿಡಬಹುದು."

ಹುಡುಗನ ಕೈ ಅಲ್ಲೇ ನಿಂತಿತು. ಹುಡುಗಿ ತಲೆ ತಗ್ಗಿಸಿದ್ದವಳು ಬಿಕ್ಕಿ ಬಿಕ್ಕಿ ನಗೋಕೆ ಶುರು ಮಾಡಿದಳು. ಅವಳು ಅಳ್ತಾ ಇದಾಳೆ ಅಂದ್ಕೊಂಡು ಅವಳವ್ವ ಅತ್ರು. ಪುರೋಹಿತರು ಮಾತ್ರ ಅನುಭವಸ್ಥರು, ಕಟ್ಟಪ್ಪ ಕಟ್ಟು ಅಂತ ಗದರಿಸಿ ಮೂರು ಗಂಟೂ ಹಾಕಿಸಿದ್ರು. ನಾನು ಬಾಕ್ಸಿನ ಹಿಂದೆ ಕೂತ್ಕೊಂಡವನು ಊಟಕ್ಕೂ ಏಳಲಿಲ್ಲ.

ಎಲ್ಲ ಮುಗಿದು ವೈರು ಸುತ್ತುತ್ತಾ ಇದ್ದಾಗ ಒಬ್ಬ ಹಿರಿಯರು, ಮದುವೆಯಾಗಿ ಮೊಮ್ಮಕ್ಕಳನ್ನ ಕಂಡಿರೋರು, ಆ ಕಡೆ ಈ ಕಡೆ ನೋಡಿ ನನ್ನ ಪಕ್ಕಕ್ಕೆ ಬಂದ್ರು. ಬೈಯೋಕೆ ಅಂತ ಅಂದ್ಕೊಂಡೆ. ಅವರು ದನಿ ತಗ್ಗಿಸಿ ಕೇಳಿದ್ರು, "ಅದು ಹಳಬ್ರಿಗೂ ಆಯ್ತದಾ?"

೫. ಬೀಗರೂಟ

ಛತ್ರದ ಕಥೆ ಮೂರೂ ತಾಲ್ಲೂಕು ಸುತ್ತಿ ನನಗಿಂತ ಮೊದಲು ಮನೆಗೆ ಬಂದಿತ್ತು. ಒಪ್ಪಿಕೊಂಡಿದ್ದ ಒಂದೆರಡು ಕೆಲಸದವರೂ ಬೇಡ ಕಣಪ್ಪ ಅಂತ ಫೋನ್ ಮಾಡಿದ್ರು. ಸೀಜನ್ ಮುಗೀತಾ ಬಂತು. ಉಳಿದಿದ್ದು ಒಂದೇ ಕೆಲಸ, ಮಳವಳ್ಳಿ ಹತ್ರದ ಹಳ್ಳಿಯಲ್ಲಿ ನನ್ನ ಹೆಂಡತಿಯ ತಮ್ಮನ ಮಗನ ಬೀಗರೂಟ. ಬಾಮೈದನಿಗೆ ಡಿಜೆಯೋನನ್ನ ಕರೆಸೋ ಆಸೆ ಇತ್ತು. ಅಕ್ಕನಿಗೆ ಇಲ್ಲ ಅನ್ನಲಾರದೆ ನನ್ನನ್ನ ಒಪ್ಪಿಕೊಂಡಿದ್ದ.

ಹೊರಡೋ ದಿನ ಹೆಂಡತಿ ಹೊಸ ಸೀರೆ ಉಟ್ಟು ಗೂಡ್ಸ್ ಆಟೋದ ಮುಂದೆ ನನ್ನ ಪಕ್ಕದಲ್ಲಿ ಕೂತು ಒಂದೇ ಮಾತು ಹೇಳಿದಳು. "ಇದು ನನ್ ತವ್ರು. ಇಲ್ಲೂ ಎಡವಟ್ ಮಾಡಿದ್ರೆ ಬಾಕ್ಸು ವಾಪಸ್ ಮನೆಗೆ ಬರಕಿಲ್ಲ. ಅಲ್ಲಿಂದ್ಲೇ ಮಾರ್ಬುಟ್ಟು ಬತ್ತೀನಿ." ಅವಳು ಹೇಳಿದ್ರೆ ಮಾಡೋಳೇ. ದಾರಿಯುದ್ದಕ್ಕೂ ಹಿಂದೆ ತಿರುಗಿ ತಿರುಗಿ ನನ್ನ ಬಾಕ್ಸುಗಳನ್ನ ನೋಡಿದೆ.

ಅಲ್ಲಿ ಇಳಿದು ನೋಡಿದ್ರೆ ಡಿಜೆಯೋನೂ ಬಂದಿದ್ದಾನೆ. ಹೆಣ್ಣಿನ ಕಡೆ ದೂರದ ನೆಂಟನಂತೆ, ಊಟಕ್ಕೆ ಬಂದಿದ್ದಂತೆ. ನನ್ನ ಬಾಕ್ಸು ಇಳಿಸುವಾಗ ಹತ್ರ ಬಂದು ಸಂತೆಯಲ್ಲಿ ಕುರಿ ನೋಡೋ ಹಂಗೆ ತಟ್ಟಿ ನೋಡಿದ. ಕೈ ತೆಗಿಯಲಾ ಅಂದೆ. ನಿಮ್ಮ ಮನೆಯೋರು ಹೇಳಿದ್ರು, ನೋಡ್ಕೊಂಡು ಹೋಗು ಅಂತ, ಅಂದ. ನಾನು ಟವಲು ತೆಗೆದು ಅವನು ತಟ್ಟಿದ ಕಡೆ ಒರೆಸಿದೆ.

ನಮ್ಮ ಕಡೆ ಬೀಗರೂಟ ಅಂದ್ರೆ ಏನು ಅಂತ ಗೊತ್ತಲ್ಲ. ಮದುವೆ ಸಪ್ಪೆ ಊಟದ್ದು, ನೆಂಟರು ಮನಸಾರೆ ಬರೋದು ಅದಾದ ಮೇಲಿನ ಈ ಬಾಡೂಟಕ್ಕೇ. ಹೆಣ್ಣಿನ ಕಡೆಯೋರು ಟೆಂಪೋ ಟೆಂಪೋ ಮಾಡ್ಕೊಂಡು ಬಂದು ಇಳೀತಾನೇ ಇದ್ರು. ಮುದ್ದೆ, ಕುರಿ ಬಾಡು, ಅನ್ನ. ಒಂದು ಪಂಕ್ತಿ ಕೂತಿರುವಾಗಲೇ ಮುಂದಿನ ಪಂಕ್ತಿಯವರು ಉಣ್ಣೋರ ಕುರ್ಚಿ ಹಿಡ್ಕೊಂಡು ಹಿಂದೆ ನಿಂತಿರ್ತಾರೆ. ಉಣ್ಣೋನ ಬೆನ್ನಿಗೆ ನಿಂತೋನ ಉಸಿರು ತಾಗಬೇಕು, ಅಷ್ಟು ಹತ್ರ.

ಮೊದಲ ಪಂಕ್ತಿ ಕೂತಿತು. ನಾನು ದೇವರನ್ನ ನೆನೆದು ರೇಡಿಯೊ ಒತ್ತಿದೆ. ಅದು ಎಲ್ಲಿಂದಲೋ ಒಂದು ಹೊಸ ಹಾಡು ತಂತು. ಭಾಷೆ ಗೊತ್ತಿಲ್ಲ. ಒಬ್ಬ ಗಂಡಸು ಬಹಳ ನಿಧಾನಕ್ಕೆ, ಒಂದೊಂದು ಪದಾನೂ ಚಪ್ಪರಿಸಿಕೊಂಡು ಹಾಡ್ತಿದ್ದ. ಸದ್ಯ, ಸಾವಿಲ್ಲ, ಮಳೆಯಿಲ್ಲ. ಎಡವಟ್ಟು ಏನೂ ಆಗಲಿಲ್ಲ ಅಂತ ಸಮಾಧಾನ ಆಯ್ತು. ಅಂಥವೇ ಇನ್ನೂ ನಾಲ್ಕು ಹಾಡು ಬಂದವು, ಹಂಗೇ ಬಿಟ್ಟೆ.

ಅಷ್ಟು ಹೊತ್ತಿಗೆ ಅಡುಗೆಯವರ ಯಜಮಾನ, ಆ ಕಡೆಯ ಬೀಗರೂಟಕ್ಕೆಲ್ಲ ಅವನದೇ ಒಲೆ, ಕೈಯಲ್ಲಿ ಸೌಟು ಹಿಡ್ಕೊಂಡು ಬೆವರು ಸುರಿಸ್ಕೊಂಡು ಬಂದು ನನ್ನ ಮುಂದೆ ನಿಂತ. ಮೊದಲ ಪಂಕ್ತಿ ಏಳ್ತಾನೇ ಇಲ್ಲ, ಕೂತಲ್ಲೇ ಕೂತ್ಕೊಂಡು ಮುದ್ದೆ ಮೇಲೆ ಮುದ್ದೆ, ಬಾಡಿನ ಮೇಲೆ ಬಾಡು ಹಾಕಿಸ್ಕೊಳ್ತಾವ್ರೆ, ಹಿಂಗಾದ್ರೆ ಕೊನೆಯವರಿಗೆ ಸಾರೂ ಇರಲ್ಲ, ಅದೇನು ಹಾಡು ಹಾಕಿದ್ದೀಯ ಅಂದ.

ನನಗೆ ರೇಗಿಹೋಯ್ತು. ನಿನ್ನ ಬಾಡು ಸಾಲದೆ ಬಂದ್ರೆ ಅದಕ್ಕೆ ನನ್ನ ಹಾಡು ಹೊಣೆಯೇನಯ್ಯ ಅಂದೆ. ಅವನು ಜಗಳ ಆಡಲಿಲ್ಲ. ನನ್ನ ಭುಜ ಹಿಡಿದು ಚಪ್ಪರದ ಕಡೆ ತಿರುಗಿಸಿದ. "ನೋಡಲಾ ಅಲ್ಲಿ. ಅವ್ರ ದವಡೆ ನೋಡು."

ನೋಡಿದೆ. ಸಾಲಿಗೆ ಸಾಲೇ ನಮ್ಮ ಹಸುವಿನ ಹಂಗೆ ಕಣ್ಣು ಅರೆ ಮುಚ್ಕೊಂಡು, ಹಾಡಿನ ತಾಳಕ್ಕೆ ಸರಿಯಾಗಿ ನಿಧಾನಕ್ಕೆ ಅಗೀತಾ ಇದೆ. ಹಾಡಿನೋನು ದನಿ ಎಳೆದ್ರೆ ಮೂಳೆ ಬಾಯಲ್ಲೇ ನಿಲ್ಲುತ್ತೆ. ಅವನು ಉಸಿರು ತಗೊಂಡ್ರೆ ಕೈ ಮುದ್ದೆ ಕಡೆ ಹೋಗುತ್ತೆ. ಸಾಲಿನ ತುದಿಯಲ್ಲಿ ಕೂತಿದ್ದ ಹುಡುಗಿಯ ತಾತ, ಹಿರೀ ಬೀಗರು, ಒಂದು ತುಂಡನ್ನ ಇಡೀ ಹಾಡಿನುದ್ದಕ್ಕೂ ಅಗಿದ್ರು. ಹಿಂದೆ ಕುರ್ಚಿ ಹಿಡಿದು ನಿಂತಿದ್ದೋರ ಮುಖ ಹಸಿವಿಗೆ ಕಪ್ಪಿಟ್ಟಿತ್ತು. ಬಾಮೈದ ದೂರದಿಂದ ನನ್ನನ್ನ ದುರುಗುಟ್ಟಿಕೊಂಡು ನೋಡ್ತಿದ್ದ. ಅವನ ಪಕ್ಕದಲ್ಲಿ ನನ್ನ ಹೆಂಡತಿ, ಅವಳ ಪಕ್ಕದಲ್ಲಿ ಆ ಟೋಪಿಯೋನು. ಬಾಡು ಸಾಲಲಿಲ್ಲ ಅಂದ್ರೆ ತವರಿನ ಮಾನವೂ ಹೋಯ್ತು, ನನ್ನ ಬಾಕ್ಸೂ ಹೋಯ್ತು.

ಅವ್ವನ ಮಾತು ಬಿಟ್ಟು ಜೀವನದಲ್ಲಿ ಮೊದಲನೇ ಸಲ ಒಂದು ಹಾಡನ್ನ ಅರ್ಧಕ್ಕೆ ಓಡಿಸಿದೆ. ಇನ್ನೊಂದು ಬಂತು, ಅದೂ ನಿಧಾನ, ಓಡಿಸಿದೆ. ಇನ್ನೊಂದು. ಆಮೇಲೆ ಬಂತು ನೋಡಿ, ಯಾವುದೋ ಕಡಲಾಚೆ ಊರಿನ ಡೋಲು. ಹಾಡೋರೇ ಇಲ್ಲ, ಹತ್ತಾರು ಜನ ಒಟ್ಟಿಗೆ ಬಡೀತಾವ್ರೆ. ಸದ್ದು ಜಾಸ್ತಿ ಮಾಡಿದೆ.

ಸಾಲಿನ ದವಡೆಗಳೆಲ್ಲ ಒಂದು ಗಳಿಗೆ ನಿಂತವು. ಆಮೇಲೆ ಶುರುವಾದವು. ಕೈ ಎಲೆಗೆ, ಕೈ ಬಾಯಿಗೆ. ಬಡಿಸೋರೂ ಅದೇ ತಾಳಕ್ಕೆ ಓಡೋಕೆ ಹತ್ತಿದ್ರು. ಅನ್ನ ಬಂತು, ಸಾರು ಬಂತು, ಮಜ್ಜಿಗೆ ಬಂತು, ಎಲ್ಲ ಹೋಯ್ತು. ಡೋಲು ಮುಗಿಯೋ ಹೊತ್ತಿಗೆ ಇಡೀ ಪಂಕ್ತಿ ಎದ್ದು ಕೈ ತೊಳೆಯೋ ಕಡೆ ನಡೀತಾ ಇತ್ತು. ಹಿಂದೆ ನಿಂತಿದ್ದೋರು ಕೂತ್ರು. ಅಡುಗೆ ಯಜಮಾನ ಸೌಟು ಹಣೆಗೆ ಒತ್ಕೊಂಡು ನನಗೆ ಕೈ ಮುಗಿದ.

ಅಷ್ಟರಲ್ಲಿ ಹಿರೀ ಬೀಗರು ಟವಲಲ್ಲಿ ಬಾಯಿ ಒರೆಸಿಕೊಳ್ತಾ ನೇರ ನನ್ನ ಕಡೆಗೇ ಬಂದ್ರು. ಬೀಗರನ್ನ ಉಣ್ಣೋಕೆ ಬಿಡದೆ ಎಬ್ಬಿಸಿಬಿಟ್ಟೆ, ಇದಕ್ಕಿಂತ ದೊಡ್ಡ ಅವಮಾನ ಇದೆಯಾ? ಬಾಮೈದನೂ ಹೆಂಡತಿಯೂ ಅವರ ಹಿಂದೇನೇ ಓಡಿ ಬಂದ್ರು. ನಾನು ವೈರು ಕೀಳೋಕೆ ಕೈ ಹಾಕಿದೆ.

"ಏನಪ್ಪಾ ಅದು ಹಾಡು," ಅಂದ್ರು ತಾತ. "ಉಂಡಿದ್ದೇ ಗೊತ್ತಾಗ್ನಿಲ್ಲ. ಇನ್ನೊಂದ್ ಪಂಕ್ತಿ ಕೂತ್ಕತ್ತೀನಿ, ಅದ್ನೇ ಹಾಕು." ಹೇಳಿದವರು ಹೋಗಿ ಕೂತೇಬಿಟ್ರು.

ಅಲ್ಲಿಂದ ಮುಂದೆ ನಾನೂ ಅಡುಗೆ ಯಜಮಾನನೂ ಸೇರಿ ಇಡೀ ಬೀಗರೂಟ ನಡೆಸಿದೆವು. ಅವನು ಒಲೆ ಹತ್ರದಿಂದ ಸೌಟು ಮೇಲಕ್ಕೆತ್ತಿದ್ರೆ ಅನ್ನ ಬೆಂದಿದೆ, ಎಬ್ಬಿಸು ಅಂತ. ನಾನು ಡೋಲು ಹಾಕ್ತಿದ್ದೆ. ಸೌಟು ಕೆಳಗಿಳಿಸಿದ್ರೆ ಅನ್ನ ಇನ್ನೂ ಆಗಿಲ್ಲ, ತಡಿ ಅಂತ. ನಾನು ಆ ಚಪ್ಪರಿಸೋ ಗಂಡಸನ್ನ ಬಿಡ್ತಿದ್ದೆ. ರೇಡಿಯೊನೂ ಜಾಣ, ಬೇಗ ಕಲಿತುಕೊಂಡಿತು. ನಾವು ಕೇಳೇ ಇರದ ದೇಶದಿಂದೆಲ್ಲ ಡೋಲು, ತಮಟೆ, ಗಂಟೆ ಹುಡುಕಿ ಹುಡುಕಿ ತಂದು ಕೊಟ್ಟಿತು. ಎಲ್ಲರ ಊಟ ಆಗಿ, ಅಡುಗೆಯವರು ಉಂಡು, ಇನ್ನೂ ಒಂದು ಪಾತ್ರೆ ಬಾಡು ಉಳೀತು. ಬಾಮೈದ ಎಲ್ಲರ ಮುಂದೆ ನನ್ನನ್ನ ತಬ್ಕೊಂಡ. ನನಗೆ ಕಣ್ಣಲ್ಲಿ ನೀರು ಬಂದುಬಿಡ್ತು, ಸಾರಿನ ಖಾರ ಅಂದೆ. ಅಡುಗೆ ಯಜಮಾನ, ನನ್ನ ಒಲೆ ಹಚ್ಚೋ ಕಡೆಗೆಲ್ಲ ಇನ್ನು ನಿನ್ನ ಬಾಕ್ಸು ಬರಬೇಕು, ಬೇರೆ ಯಾರನ್ನೂ ಒಪ್ಪಲ್ಲ ಅಂತ ಬಾಮೈದನ ಎದುರಿಗೇ ಮಾತು ಕೊಟ್ಟ. ಟೋಪಿಯೋನು ಟೋಪಿ ಸರಿ ಮಾಡ್ಕೊಂಡು ಹೊರಟುಹೋದ.

ವಾಪಸ್ ಹೊರಟ್ವಿ. ಮಳವಳ್ಳಿ ದಾಟಿದ್ವಿ. ಮದ್ದೂರು ಬಂತು, 'ಚೆನ್ನಾಗಿತ್ತು' ಅಂತ ಹೆಂಡತಿ ಬಾಯಿಂದ ಒಂದು ಮಾತಾದ್ರೂ ಬರುತ್ತೇನೋ ಅಂತ ಆಟೋ ನಿಧಾನ ಮಾಡಿದೆ. ಇಲ್ಲ. ಕೊನೆಗೆ ತಡೆಯಲಾರದೆ ನಾನೇ ಕೇಳಿದೆ. ಏನಮ್ಮಿ, ಬಾಕ್ಸಿನ ವಿಷಯ ಏನು ಮಾಡ್ದೆ, ಮಾರೋದಾ?

ಅವಳು ಸೆರಗು ಸರಿ ಮಾಡ್ಕೊಂಡು ರಸ್ತೆ ಕಡೆ ನೋಡ್ಕೊಂಡೇ ಹೇಳಿದಳು.

"ಮಾರ್‌ಬ್ಯಾಡಿ. ಬರೋ ಉಗಾದಿ ಹೊಸತೊಡಕಿನ ಬಾಡೂಟಕ್ಕೆ ನಿಮ್ಮಕ್ಕನ ಮನೆಯೋರೆಲ್ಲ ಬತ್ತಾರೆ. ಉಂಡಾಯ್ತು, ಇನ್ನು ಏಳಿ ಅಂತ ನಾನ್ ಬಾಯ್ಬುಟ್ಟು ಅನ್ನಕ್ಕಾಯ್ತದಾ? ಆ ಡೋಲು ಹಾಕ್ಬುಡಿ."